ಅರವತ್ತನಾಲ್ಕು ಹೂಂ

ಹದಿನೇಳನೆಯ ಗಾಳಿಕಂಬದ ಬುಡ, ಕಪ್ಪತಗುಡ್ಡ, ಗದಗ ಸೀಮೆ
ಇಸವಿ ೨೨೧೯, ಪಡುಗಾಳಿ ತಿಂಗಳ ಐವತ್ತಮೂರನೆಯ ದಿನ

ಮಾನ್ಯ ಶಶಿಕಲಾ ಅಣ್ಣಿಗೇರಿ ಅವರಿಗೆ ನಿಂಬವ್ವ ಸೊರಟೂರ ಮಾಡುವ ನಮಸ್ಕಾರಗಳು.

ಮೇಲಿನ ತಾರೀಖು ನೋಡಿ, ಬರೆದವಳಿಗೆ ಎಣಿಕೆ ಬರುವುದಿಲ್ಲ ಎಂದುಕೊಳ್ಳಬೇಡಿ. ನಮ್ಮಲ್ಲಿ ಒಂದು ತಿಂಗಳು ಗಾಳಿಯ ದಿಕ್ಕು ತಿರುಗುವವರೆಗೆ ನಡೆಯುತ್ತದೆ. ಕೆಲವು ತಿಂಗಳು ಒಂಬತ್ತೇ ದಿನಕ್ಕೆ ಮುಗಿಯುತ್ತವೆ, ಕೆಲವು ನೂರು ದಾಟುತ್ತವೆ. ನನ್ನ ಭಾಷೆಯೂ ನಿಮಗೆ ಅಲ್ಲಲ್ಲಿ ಎಡವಟ್ಟಾಗಿ ಕಂಡೀತು, ಹೊಟ್ಟೆಗೆ ಹಾಕಿಕೊಳ್ಳಿ. ನಾವು ಬಾಯಲ್ಲಿ ಆಡುವ ಗದಗಿನ ಮಾತು ನಿಮ್ಮ ಕಾಲದಿಂದ ಅಷ್ಟೇನೂ ಬದಲಾಗಿಲ್ಲ ಎಂದು ತಿಳಿದವರು ಹೇಳುತ್ತಾರೆ. ಬರೆಯುವ ಕನ್ನಡ ಮಾತ್ರ ಮೊಟಕಾಗಿ ಮೊಟಕಾಗಿ ಬರೀ ಗುರುತುಗಳಾಗಿ ಉಳಿದಿದೆ. ನಿಮಗೆ ಓದಲು ಬರಲಿ ಎಂದು ನಿಮ್ಮ ಕಾಲದ ಅಚ್ಚಿನ ಕನ್ನಡವನ್ನು ಎಂಟು ತಿಂಗಳು ಕೂತು ಕಲಿತೆ. ನೀವು ತೀರಿಕೊಂಡು ನೂರಕ್ಕೂ ಹೆಚ್ಚು ವರ್ಷಗಳಾಗಿರುವುದು ನನಗೆ ಗೊತ್ತು. ಆದರೂ ಓದಲು ಬರಲಿ ಎಂಬ ಆಸೆ ಬಿಡುವುದಿಲ್ಲ.

ಈ ಓಲೆ ಬರೆಯಲು ನನಗೆ ಮೂರು ತಾಸು ಸಮಯವಿದೆ. ಫಕೀರವ್ವ ಎಂಬ ಹೆಣ್ಣುಮಗಳು ಈಗಷ್ಟೇ ಈ ಕಂಬದ ಏಣಿಗೆ ಕಾಲಿಟ್ಟಿದ್ದಾಳೆ. ತುದಿಯ ಗೂಡು ಮುಟ್ಟಲು ಅವಳಿಗೆ ಮೂರು ತಾಸು ಬೇಕು. ಬೇರೆಯವರಿಗೆ ಒಂದೂವರೆ ಸಾಕು, ಅವಳ ಬಲಗೈಯಲ್ಲಿ ಎರಡೇ ಬೆರಳಿವೆ. ಮೇಲೆ ಹೋಗಿ ಗಾಳಿಚಕ್ರಕ್ಕೆ ತಡೆ ಹಾಕಬೇಕು. ಅದನ್ನು ಹೇಗೆ ಹಾಕಬೇಕು ಎಂಬ ಪಾಠವನ್ನು ಕಟ್ಟಿದವಳು ನಾನು. ಪಾಠ ಸರಿಯಿದ್ದರೆ ಅವಳು ಮತ್ತೆ ಕಂಬ ಹತ್ತುವ ಏರಿಗಳಾಗಿ ಬದುಕುತ್ತಾಳೆ. ಸರಿಯಿಲ್ಲದಿದ್ದರೆ ಏನಾಗುತ್ತದೆ ಎಂದು ಬರೆಯಲು ಕೈ ಬರುವುದಿಲ್ಲ. ಗುಡ್ಡದ ಪಂಚಾಯ್ತಿ ಅವಳಿಗೆ ಕೊಟ್ಟಿರುವುದು ಇದೊಂದೇ ಅವಕಾಶ. ನನ್ನ ಪಕ್ಕದಲ್ಲಿ ಒಂದು ಮಾತುಗೊಳವೆ ಇದೆ, ಅವಳ ದನಿ ಅದರಲ್ಲಿ ಇಳಿದು ಬರುತ್ತದೆ. ಸುಮ್ಮನೆ ಕೂತರೆ ನನ್ನ ಜೀವ ಬಾಯಿಗೆ ಬರುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ.

ಇದನ್ನು ನಾವು ಹಿಂದೋಲೆ ಎನ್ನುತ್ತೇವೆ. ಒಂದು ಕಸಬು ಬಿಟ್ಟು ಇನ್ನೊಂದಕ್ಕೆ ಹೊರಳಿದವರು, ಆ ಹೊಸ ಕಸಬನ್ನು ಹಿಂದೆ ಮಾಡಿ ಹೋದ ಯಾರಾದರೂ ಒಬ್ಬರಿಗೆ ಒಂದು ಓಲೆ ಬರೆಯಬೇಕು. ಹೇಗೆ ಬಂದೆ, ಏನು ಕಲಿತೆ, ಇನ್ನೂ ಏನು ತಿಳಿದಿಲ್ಲ ಎಂದು ಒಪ್ಪಿಸಬೇಕು. ಓಲೆಯನ್ನು ಪಾಠಮನೆಯ ಪೆಟ್ಟಿಗೆಯಲ್ಲಿ ಇಡುತ್ತಾರೆ. ಪಾಠಮನೆ ಎಂದರೆ ಬೇರೆಯವರಿಗೆ ಕಲಿಸುವ ಪಾಠಗಳನ್ನು ಕಟ್ಟುವವರ ಮನೆ. ಅಲ್ಲಿನ ಹಿರಿಯರಾದ ಹುಸೇನಸಾಹೇಬರು ಮುಳಗುಂದದವರು. ಅವರೇ ನನಗೆ ನಿಮ್ಮ ಕಟ್ಟು ಕೊಟ್ಟದ್ದು. ಹುಬ್ಬಳ್ಳಿಯ ಒಂದು ಹಳೆಯ ಮನೆಯ ತಗಡಿನ ಟ್ರಂಕಿನಲ್ಲಿ ಸಿಕ್ಕಿದ ನಲವತ್ತೊಂದು ಹಾಳೆಗಳು, ಅವುಗಳ ಮೇಲೆ ನಿಮ್ಮ ಉದ್ಯೋಗದ ಒಂದು ಅರ್ಜಿ.

ಆ ಅರ್ಜಿ ಓದಿ ನನಗೆ ಮೊದಲು ಬೆರಗಾಯಿತು, ಆಮೇಲೆ ಸ್ವಲ್ಪ ಸಿಟ್ಟೂ ಬಂತು. ಹನ್ನೊಂದು ವರ್ಷ ನರ್ಸ್ ಆಗಿದ್ದ ನೀವು ಮೂವತ್ತೈದನೆಯ ವಯಸ್ಸಿನಲ್ಲಿ ದಾರಿ ಬದಲಿಸಿದ್ದಕ್ಕೆ ಒಂದೇ ಪುಟದಲ್ಲಿ ಮೂರು ಸಲ ಕ್ಷಮೆ ಕೇಳಿದ್ದೀರಿ. ‘ನನ್ನ ಹಿಂದಿನ ಅನುಭವವನ್ನು ಅಡ್ಡಿಯೆಂದು ಪರಿಗಣಿಸಬಾರದಾಗಿ ವಿನಂತಿ’ ಎಂದು ಬರೆದಿದ್ದೀರಿ. ಅಡ್ಡಿಯೇ? ಯಾರು ಹಾಗೆ ಪರಿಗಣಿಸುತ್ತಿದ್ದರು? ನಮ್ಮಲ್ಲಿ ಮೊದಲ ಕಸಬಾಗಿ ಪಾಠ ಕಟ್ಟುವ ಕೆಲಸ ಯಾರಿಗೂ ಸಿಗುವುದಿಲ್ಲ. ಬೇರೆ ಯಾವುದನ್ನಾದರೂ ಕೈ ತುಂಬ ಮಾಡಿ ಬಂದಿರಬೇಕು. ಹುಸೇನಸಾಹೇಬರು ಮೂವತ್ತು ವರ್ಷ ಕ್ಷೌರ ಮಾಡಿದವರು. ನನ್ನ ಪಕ್ಕದ ಮಣೆಯಲ್ಲಿ ಕೂರುವವರು ಸೂಲಗಿತ್ತಿಯಾಗಿದ್ದವರು. ನಿಮ್ಮ ಅರ್ಜಿ ಇಲ್ಲಿಗೆ ಬಂದಿದ್ದರೆ ಬಾಗಿಲಲ್ಲೇ ಕರೆದು ಕೂರಿಸುತ್ತಿದ್ದೆವು.

ನಿಮ್ಮ ಹೊಸ ಕೆಲಸದ ಹೆಸರನ್ನು ನೀವು ‘ಇನ್‌ಸ್ಟ್ರಕ್ಷನಲ್ ಡಿಸೈನರ್’ ಎಂದು ಬರೆದಿದ್ದೀರಿ. ಅದನ್ನು ಹೇಗೆ ಉಚ್ಚರಿಸುವುದು ಎಂದು ಆರು ಜನರನ್ನು ಕೇಳಿದೆ, ಏಳು ಉತ್ತರ ಬಂದವು. ನಿಮ್ಮ ಮನೆಯವರಿಗೆ ಅದನ್ನು ಏನೆಂದು ಹೇಳುತ್ತಿದ್ದಿರಿ? ನೆರೆಯವರು ಕೇಳಿದಾಗ? ಹಾಗೆಯೇ, ನಿಮ್ಮ ಹಾಳೆಗಳಲ್ಲಿ ‘ನೆಕ್ಸ್ಟ್ ಒತ್ತಿ’ ಎಂಬ ಮಾತು ಎರಡು ನೂರ ಹನ್ನೆರಡು ಸಲ ಬರುತ್ತದೆ. ಅಷ್ಟು ಸಲ ನೆನೆಯುವುದರಿಂದ ನೆಕ್ಸ್ಟ್ ನಿಮ್ಮ ಮನೆದೇವರಿರಬೇಕು ಎಂದು ಎರಡು ವಾರ ನಂಬಿದ್ದೆ. ಆಮೇಲೆ ಗೊತ್ತಾಗಿ ಪಾಠಮನೆಯಲ್ಲಿ ಎಲ್ಲರೂ ಹೊಟ್ಟೆ ಹುಣ್ಣಾಗುವಂತೆ ನಕ್ಕರು.

ನಮ್ಮ ದಿನ ಹೇಗೆ ನಡೆಯುತ್ತದೆ ಎಂದು ಎರಡು ಮಾತು ಹೇಳುತ್ತೇನೆ, ಇಲ್ಲದಿದ್ದರೆ ಮುಂದಿನದು ತಿಳಿಯದು. ಬಿಸಿಲು ನೆತ್ತಿಗೆ ಬರುವ ಹೊತ್ತಿಗೆ ನಮ್ಮಲ್ಲಿ ಯಾರೂ ಹೊರಗೆ ಇರುವುದಿಲ್ಲ. ಅದನ್ನು ಮುಚ್ಚುಹೊತ್ತು ಎನ್ನುತ್ತೇವೆ. ಮೊಳ ದಪ್ಪದ ಮಣ್ಣಿನ ಗೋಡೆಗಳ ಒಳಗೆ ಊಟ, ನಿದ್ದೆ, ಪಾಠ ಎಲ್ಲ ನಡೆಯುವುದು ಆಗಲೇ. ಜೋಳದ ರೊಟ್ಟಿ ಇದೆ, ಶೇಂಗಾ ಚಟ್ನಿಯೂ ಇದೆ, ಚಿಂತಿಸಬೇಡಿ. ಕುಡಿಯುವ ನೀರು ಗುಡ್ಡದ ನೆತ್ತಿಯ ಮಂಜುಬಲೆಗಳಿಂದ ಬರುತ್ತದೆ. ಮಂಜುಬಲೆ ಎಂದರೆ ಮೋಡ ಹಾದುಹೋಗುವಾಗ ಅದರ ತೇವವನ್ನು ಹಿಡಿಯುವ ಪರದೆ. ನೀರು ಎತ್ತುವುದು, ಮನೆಗಳನ್ನು ತಂಪಿಡುವುದು, ಹಿಟ್ಟು ಬೀಸುವುದು ಎಲ್ಲವೂ ಗಾಳಿಕಂಬಗಳ ಶಕ್ತಿಯಿಂದ. ಕಂಬದ ತುದಿಯಲ್ಲಿ ಚಕ್ರದ ಹಿಂದೆ ಒಂದು ಗೂಡಿದೆ. ಅಲ್ಲಿಗೆ ಹತ್ತಿ ಎಣ್ಣೆ ಬಿಡುವವರು, ರಿಪೇರಿ ಮಾಡುವವರು ಏರಿಗರು. ನಾನು ಹತ್ತೊಂಬತ್ತು ವರ್ಷ ಏರಿಗಳಾಗಿದ್ದೆ. ಈ ಗುಡ್ಡದಲ್ಲಿ ನನಗಿಂತ ಚೆನ್ನಾಗಿ ತಡೆ ಹಾಕುವವರು ಇರಲಿಲ್ಲ. ಜಂಬ ಎನ್ನಿ, ಆದರೆ ನಿಜ.

ತಡೆ ಹಾಕುವುದು ಎಂದರೆ ಇಷ್ಟೇ. ಗೂಡಿನೊಳಗೆ ಬೀಸುವ ಕಲ್ಲಿನಷ್ಟು ಅಗಲದ ಒಂದು ಗಾಲಿ ಇದೆ. ಹೊರಗಿನ ದೊಡ್ಡ ಚಕ್ರ ನಿಂತ ಮೇಲೆ ಆ ಗಾಲಿಯ ತೂತಿಗೆ ಒಂದು ಕಬ್ಬಿಣದ ಗೂಟ ತೂರಿಸಿ, ಕಾಲು ಸುತ್ತು ತಿರುವಬೇಕು. ಆಗ ಚಕ್ರ ಅಲ್ಲಾಡುವುದಿಲ್ಲ, ನೀವು ಹಲ್ಲುಗಾಲಿಗಳ ನಡುವೆ ಕೈ ಹಾಕಬಹುದು. ನನಗೆ ಇದನ್ನು ಕಲಿಸಿದವಳು ನಮ್ಮವ್ವ. ಹಳೆಯ ಗೂಡುಗಳಲ್ಲಿ ಇಬ್ಬರು ನಿಲ್ಲಬಹುದಿತ್ತು. ಅವ್ವ ಮಾಡುತ್ತಿದ್ದಳು, ನಾನು ನೋಡುತ್ತಿದ್ದೆ. ಹೊಸ ಕಂಬಗಳ ಗೂಡು ಇಕ್ಕಟ್ಟು, ಒಬ್ಬರಿಗೇ ಜಾಗ. ಹೀಗಾಗಿ ಮೇಲೆ ಕರೆದೊಯ್ದು ಕಲಿಸುವುದು ನಿಂತು, ಪಾಠಗನ್ನಡಿ ಬಂತು.

ಪಾಠಗನ್ನಡಿ ಎಂದರೆ ಮಾತಾಡುವ, ಕೇಳಿಸಿಕೊಳ್ಳುವ ಒಂದು ಗಾಜಿನ ಹಲಗೆ. ಅದು ಒಂದು ತುಣುಕು ಪಾಠ ಹೇಳಿ ‘ತಿಳಿಯಿತೆ?’ ಎಂದು ನಿಲ್ಲುತ್ತದೆ. ಕಲಿಯುವವರು ಹೌದೆಂದರೆ ಮುಂದಕ್ಕೆ ಹೋಗುತ್ತದೆ. ಬೇರೆ ದೇಶದಲ್ಲಿ ತಯಾರಾದ ವಸ್ತು, ಇಲ್ಲಿ ಅದಕ್ಕೆ ಕನ್ನಡ ಕಲಿಸಿದರು. ಹೌದು ಎನ್ನಲು ನಾವು ಏನನ್ನುತ್ತೇವೆ ಎಂದು ಕೇಳಿದಾಗ ಯಾರೋ ‘ಹೂಂ’ ಎಂದರಂತೆ. ಅದನ್ನೇ ಅದರ ಕಿವಿಗೆ ತುಂಬಿದರು. ತಡೆ ಹಾಕುವ ಪಾಠವನ್ನು ಅದಕ್ಕೆ ಹೇಳಲು ನನ್ನನ್ನು ಕರೆದರು. ನಾನು ಖುಷಿಯಿಂದ ಹೋದೆ. ನನಗೆ ಮಾತು ಅಂದರೆ ಪಂಚಪ್ರಾಣ. ಅವ್ವ ಮೊದಲ ಸಲ ಕಂಬ ಹತ್ತಿದ್ದು, ಗಾಳಿ ಅವಳ ಸೆರಗು ಕಿತ್ತುಕೊಂಡದ್ದು, ಗೂಟ ಕೈಜಾರಿ ಕೆಳಗಿನ ಕುರಿಹಟ್ಟಿಯಲ್ಲಿ ಬಿದ್ದದ್ದು, ಎಲ್ಲ ಸೇರಿಸಿ ಪಾಠ ಹೇಳಿದೆ. ಕೇಳಿದವರೆಲ್ಲ ಮೆಚ್ಚಿದರು.

ಆ ಪಾಠ ಕೇಳಿದ ಮೊದಲ ಹೊಸಬಳು ಫಕೀರವ್ವ. ಆಗ ಅವಳಿಗೆ ಇಪ್ಪತ್ತೆಂಟು ವಯಸ್ಸು, ಐದು ವರ್ಷದ ಮಗಳಿದ್ದಳು. ಕನ್ನಡಿ ಅರವತ್ತನಾಲ್ಕು ಕಡೆ ನಿಂತಿತು. ಅವಳು ಅರವತ್ತನಾಲ್ಕು ಸಲ ಹೂಂ ಅಂದಳು. ಕನ್ನಡಿ ಪಾಸಾದ ಚೀಟಿ ಕೊಟ್ಟಿತು. ಒಂಬತ್ತನೆಯ ದಿನ ಅವಳು ಒಬ್ಬಳೇ ಮೇಲೆ ಹೋದಳು, ಗೂಟ ಹಾಕಿದಳು, ಕೈ ಒಳಗಿಟ್ಟಳು. ಗಾಲಿ ಗೇಣು ಜಾರಿತು. ಮೂರು ಬೆರಳು ಹೋದವು.

ಆಸ್ಪತ್ರೆಯಲ್ಲಿ ಅವಳ ಮಂಚದ ಪಕ್ಕ ಕೂತು ನಾನು ಆಡಿದ ಮಾತು ನೆನೆದರೆ ಇವತ್ತಿಗೂ ನಾಚಿಕೆಯಾಗುತ್ತದೆ. ಗೂಟ ಪೂರ್ತಿ ತಿರುವಬೇಕು ಅಂತ ಅಷ್ಟು ಸಲ ಹೇಳಿದ್ದೆನಲ್ಲ, ನೀನು ಹೂಂ ಅಂದಿದ್ದೆಯಲ್ಲ ಎಂದು ಬೈದೆ. ಅವಳು ನನ್ನನ್ನು ನೋಡಿ, ಮಗುವಿಗೆ ತಿಳಿಹೇಳುವಂತೆ ಹೇಳಿದಳು.

“ಹೂಂ ಅಂದ್ನಿ ಯಕ್ಕಾ. ನೀವು ಕತಿ ಹೇಳಾಕತ್ತಿದ್ರಿ. ಹೂಂ ಅನ್ನಲಿಲ್ಲಂದ್ರ ಹೇಳೋರಿಗೆ ಬ್ಯಾಸರ ಆಗಾಂಗಿಲ್ಲೇನ್ರಿ?”

ಶಶಿಕಲಾ ಅವರೇ, ನಿಮ್ಮ ಕಾಲದಲ್ಲೂ ಹೀಗೇ ಇತ್ತಲ್ಲವೇ? ಅಜ್ಜಿ ಕತೆ ಹೇಳುವಾಗ ಮಕ್ಕಳು ಹೂಂಗುಟ್ಟಬೇಕು. ಹೂಂ ನಿಂತರೆ ಮಕ್ಕಳು ಮಲಗಿದವೆಂದು ಅಜ್ಜಿ ಕತೆ ನಿಲ್ಲಿಸುತ್ತಾಳೆ. ಹೂಂ ಎಂದರೆ ನಾನು ಇಲ್ಲಿದ್ದೇನೆ, ಹೇಳು ಎಂದರ್ಥ. ತಿಳಿಯಿತು ಎಂಬ ಅರ್ಥ ಅದಕ್ಕೆ ಯಾವಾಗ ಅಂಟಿತೋ, ಯಾರು ಅಂಟಿಸಿದರೋ. ಕನ್ನಡಿ ಮಾಡಿದ ಪರದೇಶದವರಿಗೆ ಗೊತ್ತಿರಲಿಲ್ಲ ಎನ್ನಿ. ಹೂಂಗುಟ್ಟುತ್ತಲೇ ಬೆಳೆದ ನನಗೆ ಗೊತ್ತಿರಲಿಲ್ಲವೇ? ಅಂದು ಮನೆಗೆ ಬಂದು ಏರಿಗರ ಸೊಂಟದ ಪಟ್ಟಾವನ್ನು ಗೋಡೆಯ ಗೂಟಕ್ಕೆ ನೇತುಹಾಕಿದೆ. ಮರುವಾರ ಪಾಠಮನೆಯ ಬಾಗಿಲಿಗೆ ಹೋಗಿ ನನಗೆ ಪಾಠ ಕಟ್ಟುವುದನ್ನು ಕಲಿಸಿ ಎಂದು ಕೇಳಿದೆ. ನನಗೆ ಆಗ ನಲವತ್ತಮೂರು ವಯಸ್ಸು.

ಕೊಳವೆಯಲ್ಲಿ ದನಿ ಬಂತು, ಸ್ವಲ್ಪ ತಾಳಿ. “ಮೂರನೇ ಕಟ್ಟಿಗೆ ಬಂದೇನ್ರಿ ಯಕ್ಕಾ. ಗಾಳಿ ಚಲೋ ಐತಿ.” ಏಣಿಯಲ್ಲಿ ದಣಿವಾರಿಸಿಕೊಳ್ಳಲು ಎಂಟು ಕಟ್ಟೆಗಳಿವೆ. ಗಾಳಿ ಚೆನ್ನಾಗಿದೆ ಎಂದು ಅವಳು ಖುಷಿಯಿಂದ ಹೇಳಿದಳು, ನಾನು ಎದ್ದು ಕಂಬದ ತುದಿ ನೋಡಿ ಬಂದು ಮತ್ತೆ ಕೂತೆ.

ಪಾಠಮನೆಗೆ ಸೇರಿದವರಿಗೆ ಮೊದಲು ದಡ್ಡತಿಂಗಳು ಇರುತ್ತದೆ. ಎಂದೂ ಮಾಡದ ಒಂದು ಕೆಲಸವನ್ನು ಇನ್ನೊಬ್ಬರ ಪಾಠದಿಂದ ಕಲಿಯಬೇಕು. ನನಗೆ ಕೌದಿ ಹೊಲಿಯುವುದು ಬಂತು. ಹುಸೇನಸಾಹೇಬರ ಅಕ್ಕ ಬೀಬಿಜಾನಮ್ಮ ಕಲಿಸಲು ಕೂತರು. ಎರಡು ನೂರು ಮೀಟರ್ ಎತ್ತರದಲ್ಲಿ ಒಂದು ಕೈಯಲ್ಲಿ ನೇತಾಡಿ ನಟ್ಟು ಬಿಗಿಯುತ್ತಿದ್ದವಳು ನಾನು, ಸೂಜಿಗೆ ದಾರ ಪೋಣಿಸಲು ಅರ್ಧ ಬೆಳಗು ಬೇಕಾಯಿತು. ಅವರು ಹಳೆ ಸೀರೆಯ ಪದರಗಳನ್ನು ಹಾಸಿ, ಹೀಗೆ ಮಡಚು, ಹೀಗೆ ಹಿಡಿ, ಇಲ್ಲಿಂದ ತಿರುಗಿಸು ಎಂದು ಸರಸರನೆ ಹೊಲಿದು ತೋರಿಸಿ, ಗೊತ್ತಾಯಿತೇ ಎಂದರು. ನನಗೆ ಒಂದಿಷ್ಟೂ ಗೊತ್ತಾಗಿರಲಿಲ್ಲ. ನನ್ನ ಬಾಯಿಂದ ತಾನಾಗಿ ಹೂಂ ಬಂತು. ಎಪ್ಪತ್ತು ದಾಟಿದ ಹಿರಿಯರು ಅಷ್ಟು ಅಕ್ಕರೆಯಿಂದ ಹೇಳುವಾಗ ಇಲ್ಲ ಎನ್ನಲು ನಾಲಿಗೆ ಏಳಲಿಲ್ಲ. ಸೂಜಿ ಕೈಯಲ್ಲಿ ಹಿಡಿದುಕೊಂಡೇ ಅತ್ತುಬಿಟ್ಟೆ. ಬೆರಳಿಗೆ ಚುಚ್ಚಿತೆಂದುಕೊಂಡು ಬೀಬಿಜಾನಮ್ಮ ಅರಿಸಿನ ತರಲು ಎದ್ದರು.

ಅದಾದ ಮೇಲೆ ಒಂದು ವರ್ಷ ಕೈನೋಟ. ಕೆಲಸ ಮಾಡುವವರ ಪಕ್ಕ ಕೂತು, ತುಟಿ ಬಿಚ್ಚದೆ, ಅವರ ಕೈ ಏನು ಮಾಡುತ್ತದೆ ಎಂದಷ್ಟೇ ಬರೆದುಕೊಳ್ಳಬೇಕು. ಕುಂಬಾರರ ಕೈ, ರೊಟ್ಟಿ ಬಡಿಯುವವರ ಕೈ, ಹಲ್ಲು ಕೀಳುವವರ ಕೈ. ನಾನು ಸುಮ್ಮನಿರುವುದು ಎಷ್ಟು ಕಷ್ಟವೆಂದು ನನ್ನನ್ನು ಬಲ್ಲವರೇ ಬಲ್ಲರು. ಮೂರನೆಯ ದಿನಕ್ಕೇ ಕುಂಬಾರನಿಗೆ ಬುದ್ಧಿ ಹೇಳಲು ಹೋಗಿ ಬೈಸಿಕೊಂಡೆ. ಹುಸೇನಸಾಹೇಬರು ನಕ್ಕು, “ನಿಂಬವ್ವಾ, ನಿನ್ನ ಬಾಯಿಗೂ ಒಂದು ಗೂಟ ಬೇಕಾಗೇತಿ ನೋಡು” ಎಂದರು. ಕೇಳಿ ತಿಳಿಯುವುದಕ್ಕೂ ನೋಡಿ ತಿಳಿಯುವುದಕ್ಕೂ ಏನು ವ್ಯತ್ಯಾಸ ಎಂದು ನಾನು ಒಮ್ಮೆ ವಾದಕ್ಕೆ ಇಳಿದಾಗ ಅವರು ತಮ್ಮ ಹಳೆಯ ಕಸಬಿನಿಂದಲೇ ಉತ್ತರ ಕೊಟ್ಟರು. “ಮೂವತ್ತು ವರ್ಷ ಕ್ಷೌರಾ ಮಾಡೇನವಾ. ಕನ್ನಡಿ ಮುಂದ ಕುಂತವ್ರನ್ನ ಹೆಂಗಾಗೇತ್ರಿ ಅಂತ ಕೇಳಿದ್ರ ಎಲ್ಲಾರೂ ಚಲೋ ಆಗೇತಿ ಅಂತಾರ. ಹೊರಗ ಹೋಗಿ ಟೊಪಗಿ ಹಾಕ್ಕೋತಾರ. ನಾ ಬಾಯಿ ಕೇಳೂದು ಬಿಟ್ಟು ಟೊಪಗಿ ನೋಡಾಕ ಶುರು ಮಾಡಿದ್ನಿ.”

ಕೈನೋಟ ಮುಗಿದ ಮೇಲೆ ನಿಮ್ಮ ಕಟ್ಟು ನನ್ನ ಕೈಗೆ ಬಂತು. ನಿಮ್ಮ ಮೊದಲ ಪಾಠ ಆಸ್ಪತ್ರೆಯ ಆಯಾಗಳಿಗೆ ಆಮ್ಲಜನಕದ ಸಿಲಿಂಡರ್ ಬದಲಿಸುವುದನ್ನು ಕಲಿಸುವಂಥದ್ದು. ಆರು ಹಾಳೆಗಳವರೆಗೆ ಪ್ರತಿ ತುಣುಕಿನ ಕೊನೆಗೆ ‘ಅರ್ಥವಾಯಿತೇ?’ ಎಂದು ಕೇಳಿದ್ದೀರಿ. ನಾನು ಮಾಡಿದ್ದೂ ಅದನ್ನೇ ಎಂದು ಓದುತ್ತಾ ನನ್ನ ಮುಖ ಬಿಸಿಯಾಯಿತು. ಏಳನೆಯ ಹಾಳೆಯಿಂದ ಆ ಪ್ರಶ್ನೆ ಒಮ್ಮೆಲೇ ಮಾಯವಾಗಿದೆ. ಅದರ ಜಾಗದಲ್ಲಿ ‘ಈಗ ನೀವು ತಿರುಗಿಸಿ. ಕಿವಿ ಹತ್ತಿರ ತನ್ನಿ. ಏನು ಕೇಳಿಸಿತು?’ ಎಂದಿದೆ. ಮುಂದಿನ ಮೂವತ್ತೈದು ಹಾಳೆಗಳಲ್ಲಿ ನೀವು ಯಾರನ್ನೂ ಅರ್ಥವಾಯಿತೇ ಎಂದು ಕೇಳಿಲ್ಲ. ಆರನೆಯದಕ್ಕೂ ಏಳನೆಯದಕ್ಕೂ ಹನ್ನೊಂದು ದಿನಗಳ ಅಂತರವಿದೆ. ಆರನೆಯ ಹಾಳೆಯ ಅಂಚಿನಲ್ಲಿ ಪೆನ್ಸಿಲಿನಲ್ಲಿ ಬರೆದಿದ್ದೀರಿ: ‘ಮಾಬೂಬಿ ಹೂಂ ಅಂದಳು. ಆಮೇಲೆ ನಾನೇ ಹೋಗಿ ನೋಡಿದೆ.’

ಇಷ್ಟೇ ಬರೆದಿದ್ದೀರಿ. ಹೋಗಿ ಏನು ನೋಡಿದಿರಿ? ಮಾಬೂಬಿ ಆಯಾ ಎಂದು ಊಹಿಸಬಲ್ಲೆ. ಸಿಲಿಂಡರ್ ಬದಲಿಸುವಾಗ ಏನಾದರೂ ಆಯಿತೇ? ಆಗುವ ಮೊದಲೇ ನೀವು ತಡೆದಿರೇ? ಅವಳನ್ನು ಬೈದಿರೇ, ನನ್ನ ಹಾಗೆ? ಆ ಹನ್ನೊಂದು ದಿನ ನೀವು ಒಂದಕ್ಷರ ಬರೆಯದೆ ಏನು ಮಾಡಿದಿರಿ? ನರ್ಸ್ ಆಗಿ ಹನ್ನೊಂದು ವರ್ಷ ರೋಗಿಗಳ ಹೂಂ ಕೇಳಿದ್ದವರು ನೀವು. ನೋವಿಲ್ಲ ಎನ್ನುವವರಿಗೆ ನೋವಿದೆ ಎಂದು ಮುಖ ನೋಡಿ ತಿಳಿಯುವ ಅಭ್ಯಾಸ ಇದ್ದಿರಬೇಕು. ಹಾಗಿದ್ದೂ ಹೊಸ ಕುರ್ಚಿಯಲ್ಲಿ ಕೂತ ಕೂಡಲೇ ಅದು ಮರೆತುಹೋಯಿತೇ? ಈ ಪ್ರಶ್ನೆಗಳಿಗೆ ಉತ್ತರ ಸಿಗುವುದಿಲ್ಲ ಎಂದು ಗೊತ್ತಿದ್ದರೂ ರೊಟ್ಟಿ ಬಡಿಯುವಾಗ, ತಲೆ ಬಾಚುವಾಗ ಅವೇ ನೆನಪಾಗುತ್ತವೆ. ನಿಮ್ಮ ಮೇಲೆ ನನಗೆ ಒಂಥರಾ ಮೋಹ ಹುಟ್ಟಿದೆ. ಒಂದೇ ಕಲ್ಲಿಗೆ ಇಬ್ಬರೂ ಎಡವಿದ್ದೇವೆ ಅನ್ನಿಸುತ್ತದೆ.

ಆರನೆಯ ಕಟ್ಟೆ ಮುಟ್ಟಿದಳು. ಈ ಸಲ ಮಾತು ಕಡಿಮೆ, ಏದುಸಿರು ಜಾಸ್ತಿ.

ಎರಡು ವರ್ಷ ಫಕೀರವ್ವ ಮಂಜುಬಲೆಗಳನ್ನು ಕಾಯುತ್ತಿದ್ದಳು. ಕೆಳಗಿನ ಕೆಲಸ, ಅಪಾಯವಿಲ್ಲ, ಮಗಳ ಹತ್ತಿರ ಇರಬಹುದು. ಎಲ್ಲರೂ ಒಳ್ಳೆಯದಾಯಿತು ಎಂದರು. ಅವಳು ಮಾತ್ರ ಹೋದ ವರ್ಷ ಪಾಠಮನೆಗೆ ಬಂದು ನನ್ನೆದುರು ಕೂತಳು. “ಹನಿ ಬೀಳೂದನ್ನ ಎಣಿಸ್ಕೋತ ಕುಂದ್ರೂದು ನನಗ ಆಗಾಂಗಿಲ್ಲ ಯಕ್ಕಾ. ನನಗ ಮ್ಯಾಲ ಹೋಗಬೇಕು. ನೀವ ಕಲಿಸ್ರಿ” ಎಂದಳು. ನಾನೇ? ಅವಳ ಕೈ ನೋಡಲು ನನಗೆ ಧೈರ್ಯ ಸಾಲಲಿಲ್ಲ. ಬೇರೆಯವರ ಹತ್ತಿರ ಕಲಿ ಎಂದೆ. ಅವಳು ಬಲಗೈಯನ್ನು ಮಣೆಯ ಮೇಲಿಟ್ಟು, “ಈ ಪಾಠ ನಿಮ್ಮದ” ಎಂದಳು. ಸಿಟ್ಟಿನಿಂದಲ್ಲ, ಇದ್ದದ್ದನ್ನು ಇದ್ದ ಹಾಗೆ ಹೇಳಿದಳು.

ಹೊಸ ಪಾಠದಲ್ಲಿ ನಾನು ಕತೆ ಹಾಕಲಿಲ್ಲ. ಅವ್ವನ ಸೆರಗು, ಕುರಿಹಟ್ಟಿ, ಎಲ್ಲ ತೆಗೆದೆ. ಕರುಳು ಕಿತ್ತು ಬಂದ ಹಾಗಾಯಿತು ಎಂದು ಒಪ್ಪಿಕೊಳ್ಳುತ್ತೇನೆ. ತಿಳಿಯಿತೇ ಎಂಬ ಪ್ರಶ್ನೆ ಎಲ್ಲೂ ಇಲ್ಲ. ನಿಮ್ಮ ಏಳನೆಯ ಹಾಳೆಯ ಹಾಗೆ, ಮಾಡು, ಮಾಡಿದ್ದನ್ನು ನಿನ್ನ ಬಾಯಿಂದ ಹೇಳು, ಏನಾಯಿತು ಅದನ್ನೂ ಹೇಳು, ಇಷ್ಟೇ. ಗೂಟ ಒಳಗೆ. ಕಾಲು ಸುತ್ತು. ಎಳೆದು ನೋಡು, ಬರುತ್ತದೆಯೋ ಇಲ್ಲವೋ ಹೇಳು. ಬಂದರೆ ಸರಿಯಾಗಿ ಕೂತಿಲ್ಲ. ಗೂಡಿನ ಅಳತೆಯದೇ ಒಂದು ನೆಲಗೂಡನ್ನು ಪಾಠಮನೆಯ ಹಿಂದಿನ ಕೋಣೆಯಲ್ಲಿ ಕಟ್ಟಿಸಿದೆವು. ಹೆಬ್ಬೆರಳು ಮತ್ತು ತೋರುಬೆರಳಿನಿಂದ ಗೂಟ ತಿರುವಲು ಅವಳಿಗೆ ನಾಲ್ಕು ತಿಂಗಳು ಹಿಡಿಯಿತು. ಅಂಗೈಯ ಬುಡದಿಂದ ಒತ್ತಿ ತಿರುವುವ ಉಪಾಯವನ್ನು ಅವಳೇ ಕಂಡುಹಿಡಿದಳು, ನಾನು ಬರೆದುಕೊಂಡೆ. ಹೋದ ವಾರ ಪಂಚಾಯ್ತಿಯವರ ಮುಂದೆ ನೆಲಗೂಡಿನಲ್ಲಿ ನಲವತ್ತು ಸಲ ತಡೆ ಹಾಕಿದಳು. ನಲವತ್ತೂ ಸಲ ಗೂಟ ಬರಲಿಲ್ಲ. ಹುಸೇನಸಾಹೇಬರು ನನ್ನ ಬೆನ್ನು ತಟ್ಟಿದರು. ನನಗೆ ಹೆಮ್ಮೆಯಾಯಿತು, ಯಾಕೆ ಸುಳ್ಳು ಹೇಳಲಿ. ಮೂರು ವರ್ಷ ನನ್ನ ಎದೆಯ ಮೇಲಿದ್ದ ಭಾರ ಇಳಿಯಿತು ಅನ್ನಿಸಿತು. ತಪ್ಪಾದದ್ದು ಆ ಒಂದು ಹೂಂನಿಂದ, ಹೂಂ ತೆಗೆದೆ, ಇನ್ನು ಎಲ್ಲ ಸರಿಯಾಯಿತು ಎಂದು ನಿನ್ನೆ ಈ ಓಲೆಗೆ ಒಂದು ಕೊನೆಯ ಸಾಲನ್ನೂ ಯೋಚಿಸಿಟ್ಟಿದ್ದೆ.

ಗೂಡು ಮುಟ್ಟಿದಳು. ಬಾಗಿಲು ತೆರೆದ ಸದ್ದು ಕೇಳಿಸಿತು, ಗಾಳಿ ಒಳಗೆ ನುಗ್ಗಿದ್ದೂ ಕೇಳಿಸಿತು. ಇನ್ನು ಅವಳು ಹೇಳಿದ್ದನ್ನು ಹೇಳಿದ ಹಾಗೆ ಬರೆಯುತ್ತೇನೆ, ಅಕ್ಷರ ಸೊಟ್ಟಗಾದರೆ ಮನ್ನಿಸಿ.

“ಗೂಟ ಒಳಗೈತಿ.”

“ಕಾಲು ಸುತ್ತು ತಿರುವೇನಿ.”

“ಎಳದ್ನಿ.”

“ಬಂತು.”

ಗೂಟ ಹೊರಗೆ ಬಂತು. ನೆಲದ ಮೇಲೆ ನಲವತ್ತು ಸಲ ಬಾರದ್ದು ಮೇಲೆ ಮೊದಲ ಸಲಕ್ಕೇ ಬಂತು. ಕೈ ಒಳಗೆ ಹಾಕಬೇಡ, ಇಳಿದು ಬಾ ಎಂದು ಕೊಳವೆಗೆ ಬಾಯಿಟ್ಟು ಕಿರುಚಿದೆ. “ಹಾಕಿಲ್ರಿ. ಸುಮ್ನಿರ್ರಿ, ನೋಡಾಕತ್ತೇನಿ” ಎಂದಳು. ಆಮೇಲೆ ಬರೀ ಗಾಳಿಯ ಸದ್ದು. ಎಷ್ಟು ಹೊತ್ತೋ ತಿಳಿಯದು, ಈ ಹಾಳೆಯ ಅಂಚನ್ನು ಉಗುರಿನಿಂದ ಚೂರು ಚೂರು ಮಾಡಿದ್ದೇನೆ. ಮತ್ತೆ ಗೂಟದ ಸದ್ದು. ಮತ್ತೆ ದನಿ.

“ಎಳದ್ನಿ. ಬರಲಿಲ್ಲ. ಮತ್ತೊಮ್ಮೆ ಎಳದ್ನಿ. ಬರಲಿಲ್ಲ. ಯಕ್ಕಾ, ಪಾಠದಾಗ ಒಂದು ಬಿಟ್ಟೈತಿ. ಗೂಟ ತಿರುವೂಕಿಂತ ಮೊದಲ ಎಡಗಡೆ ಸೊಂಟದಿಂದ ಗಾಲಿನ್ನ ಒತ್ತಿ ಹಿಡೀಬೇಕು. ಇಲ್ಲಾಂದ್ರ ಗಾಳಿಗೆ ಅದು ಒಂಚೂರು ಹಿಂದ ಸರೀತೈತಿ, ಗೂಟ ಪೂರಾ ಕೂಡಾಂಗಿಲ್ಲ. ಆವಾಗೂ ನೀವು ಇದನ್ನ ಹೇಳಿದ್ದಿಲ್ಲ. ಬರಕೊಳ್ರಿ.”

ನನ್ನ ಎಡ ಸೊಂಟದ ಮೇಲೆ ಅಂಗೈ ಅಗಲದ ಒಂದು ಗಡುಸು ಕಲೆ ಇದೆ. ಹತ್ತೊಂಬತ್ತು ವರ್ಷದ್ದು. ಪಟ್ಟಾ ಉಜ್ಜಿ ಆದದ್ದೆಂದು ತಿಳಿದಿದ್ದೆ. ಅವ್ವನಿಗೂ ಅಲ್ಲೇ ಇತ್ತು. ಅವಳು ಒತ್ತುವುದನ್ನು ನೋಡಿ ನಾನು ಒತ್ತುತ್ತಿದ್ದೆ, ಒತ್ತುತ್ತಿದ್ದೇನೆಂದು ನನಗೇ ಗೊತ್ತಿರಲಿಲ್ಲ. ನನ್ನ ಮೊದಲ ಪಾಠದ ಅರವತ್ತನಾಲ್ಕು ತುಣುಕುಗಳಲ್ಲಿ ಅದಿರಲಿಲ್ಲ, ಹೊಸ ಪಾಠದಲ್ಲೂ ಇರಲಿಲ್ಲ. ಫಕೀರವ್ವ ಆವತ್ತು ಗೂಟವನ್ನು ನಾನು ಹೇಳಿದ ಹಾಗೆಯೇ ತಿರುವಿದ್ದಳು. ಅವಳು ಹೂಂ ಅನ್ನದೆ ಪ್ರತಿಯೊಂದನ್ನೂ ತಿಳಿದುಕೊಂಡಿದ್ದರೂ ಅವಳ ಬೆರಳು ಹೋಗುತ್ತಿದ್ದವು. ಮೂರು ವರ್ಷ ನಾನು ಒಂದಕ್ಷರದ ಮೇಲೆ ತಪ್ಪು ಹೊರಿಸಿ, ಅವಳನ್ನು ಕ್ಷಮಿಸಿದವಳ ಹಾಗೆ ಓಡಾಡಿದೆ.

ಶಶಿಕಲಾ ಅವರೇ, ಹೊತ್ತಿಲ್ಲ, ಒಂದೇ ಕೋರಿಕೆ. ಈ ಓಲೆ ಯಾವ ದಾರಿಯಿಂದಲಾದರೂ ನಿಮ್ಮ ಕೈ ಸೇರಿದರೆ, ಮಾಬೂಬಿಯ ಹತ್ತಿರ ಇನ್ನೊಮ್ಮೆ ಹೋಗಿ. ಅವಳು ಹೂಂ ಅಂದದ್ದನ್ನು ನೀವು ಬರೆದಿಟ್ಟಿದ್ದೀರಿ. ನೀವು ಏನನ್ನು ಹೇಳದೆ ಬಿಟ್ಟಿರಿ ಎಂಬುದು ಅವಳಿಗೆ ಗೊತ್ತಿರಬಹುದು. ಕೂತು ಕೇಳಿ.

ಬರಕೊಂಡ್ರೇನು ಎಂದು ಫಕೀರವ್ವ ಮೇಲಿನಿಂದ ಕೂಗುತ್ತಿದ್ದಾಳೆ. ಕಣ್ಣು ಒರೆಸಿಕೊಂಡು ಹೂಂ ಅಂದೆ.

“ಹೂಂ ಬ್ಯಾಡ್ರಿ ಯಕ್ಕಾ. ಓದಿ ಹೇಳ್ರಿ.”

ಓದಿ ಹೇಳಬೇಕು. ಬರುತ್ತೇನೆ.

ನಿಂಬವ್ವ